ಒಂದು ಅಂಕಿ, ಹಲವು ಕಾರಣ: ಮೂತ್ರಪಿಂಡ ರೋಗಿಗಳ ಪೋಷಣೆಯ ಅಳತೆ

ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವವರಲ್ಲಿ, ಅದರಲ್ಲೂ ಡಯಾಲಿಸಿಸ್ ಪಡೆಯುವವರಲ್ಲಿ, ಅಪೌಷ್ಟಿಕತೆ ಮತ್ತು ಉರಿಯೂತ ಒಟ್ಟಿಗೆ ಕಾಣಿಸಿಕೊಳ್ಳುವುದುಂಟು. ಕಲಂತರ್-ಜಾದೆ ಮತ್ತು ಸಂಗಡಿಗರು 2003ರ ಪ್ರಬಂಧವೊಂದರಲ್ಲಿ ಇದನ್ನು 'ಅಪೌಷ್ಟಿಕತೆ-ಉರಿಯೂತ ಸಂಕೀರ್ಣ' ಎಂದು ವಿವರಿಸಿದರು. ಪರಿಕಲ್ಪನೆ ಉಪಯುಕ್ತವಾದದ್ದೇ. ನನ್ನ ಆಕ್ಷೇಪವಿರುವುದು ಅದನ್ನು ಅಳೆಯುವ ಬಗೆಯ ಮೇಲೆ. ನಾನು ವೈದ್ಯನಲ್ಲ, ಆದರೆ ಅಳತೆ ಎಂಬುದು ಭೌತವಿಜ್ಞಾನದ ಮೇಷ್ಟರ ದಿನನಿತ್ಯದ ಕಸುಬು.

ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾದರೆ 'ಪೋಷಣೆ ಸಾಲದು' ಎಂದು ತೀರ್ಮಾನಿಸುವ ರೂಢಿ ಬಹಳ ಹಳೆಯದು. ಆಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ಉರಿಯೂತವಿದ್ದಾಗ ಇಂಟರ್‌ಲ್ಯೂಕಿನ್-6 ಮುಂತಾದ ಸಂಕೇತಗಳಿಗೆ ಓಗೊಟ್ಟು ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚಾಗಿಯೂ ಆಲ್ಬುಮಿನನ್ನು ಕಡಿಮೆಯಾಗಿಯೂ ತಯಾರಿಸುತ್ತದೆ. ಮೂತ್ರದಲ್ಲಿ ಅದು ಸೋರಿಹೋಗಬಹುದು. ಮೈಯಲ್ಲಿ ನೀರು ತುಂಬಿಕೊಂಡರೂ ಅದರ ಸಾರತೆ ಇಳಿಯುತ್ತದೆ. ತೊಟ್ಟಿಯ ನೀರಿನ ಮಟ್ಟವನ್ನಷ್ಟೇ ನೋಡಿ ನಲ್ಲಿ ಸಣ್ಣಗಾಗಿದೆಯೋ ತಳ ಸೋರುತ್ತಿದೆಯೋ ಹೇಳಲಾದೀತೆ? ಸಮೀಕರಣ ಒಂದು, ಅಜ್ಞಾತಗಳು ನಾಲ್ಕು! ಅನೊರೆಕ್ಸಿಯಾ ನರ್ವೋಸಾದಲ್ಲಿ ಊಟ ಬಿಟ್ಟು ಎಲುಬು ಗೂಡಾದವರಲ್ಲೂ ಆಲ್ಬುಮಿನ್ ಬಹುಮಟ್ಟಿಗೆ ಸಹಜವಾಗಿಯೇ ಇರುವುದನ್ನು ಈ ರೂಢಿ ಮರೆತಿದೆ.

2001ರಲ್ಲಿ ಬಂದ 'ಅಪೌಷ್ಟಿಕತೆ-ಉರಿಯೂತ ಅಂಕ' ಇದಕ್ಕಿಂತ ಮೇಲು. ತೂಕ ಇಳಿಕೆ, ಆಹಾರ ಸೇವನೆ, ಸ್ನಾಯು ಸವಕಳಿ ಮೊದಲಾದ 10 ಅಂಶಗಳಿಗೆ 0ಯಿಂದ 3ರವರೆಗೆ ಅಂಕ ಕೊಟ್ಟು ಒಟ್ಟು 30ಕ್ಕೆ ಲೆಕ್ಕ ಹಾಕುತ್ತಾರೆ. ರೋಗಿಯ ಮುಂದಿನ ಗತಿಯನ್ನು ಇದು ಚೆನ್ನಾಗಿಯೇ ಸೂಚಿಸುತ್ತದೆ. ಆದರೆ ಇದರಲ್ಲಿನ ಎರಡು ರಕ್ತಪರೀಕ್ಷೆಗಳು, ಅಂದರೆ ಆಲ್ಬುಮಿನ್ ಮತ್ತು ಕಬ್ಬಿಣ-ಬಂಧನ ಸಾಮರ್ಥ್ಯ, ಉರಿಯೂತದಲ್ಲಿ ತಾವಾಗಿಯೇ ಇಳಿಯುತ್ತವೆ. ಆದ್ದರಿಂದ ಈ ಅಂಕ ಉರಿಯೂತದೊಡನೆ ಹೊಂದಿಕೊಂಡಿತೆಂದು ಸಂಭ್ರಮಿಸುವುದು ಭಾಗಶಃ ಚಕ್ರೀಯ ವಾದ. ಎರಡು ಕಾರಣಗಳನ್ನು ಕೂಡಿಸಿದ ಮೊತ್ತದಿಂದ ಅವನ್ನು ಮತ್ತೆ ಬಿಡಿಸಲು ಬಾರದು.

ಮುನ್ಸೂಚಕವೆಲ್ಲ ಕಾರಣವಲ್ಲ. ವಾಯುಭಾರಮಾಪಕದ ಮುಳ್ಳನ್ನು ಬೆರಳಿನಿಂದ ಮೇಲೆತ್ತಿದರೆ ಬಿರುಗಾಳಿ ನಿಲ್ಲುವುದಿಲ್ಲ. ಫ್ರಾನ್ಸಿನ ತಂಡವೊಂದು 186 ಅಪೌಷ್ಟಿಕ ಡಯಾಲಿಸಿಸ್ ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಯಿಯ ಮೂಲಕ ಕೊಡುವ ಪೂರಕ ಆಹಾರದ ಜೊತೆಗೆ ರಕ್ತನಾಳದ ಮೂಲಕವೂ ಪೋಷಣೆ ಕೊಟ್ಟದ್ದರಿಂದ ಎರಡು ವರ್ಷಗಳ ಮರಣ ಪ್ರಮಾಣ ತಗ್ಗಲಿಲ್ಲ. ಆಹಾರ ವ್ಯರ್ಥವೆಂದು ಇದರ ಅರ್ಥವಲ್ಲ. ಎರಡೂ ಗುಂಪುಗಳಿಗೆ ಪೂರಕ ಆಹಾರ ಸಿಕ್ಕಿತ್ತು.

ಬೇರ್ಪಡಿಸಿ ನೋಡಿದರೆ ಏನಾಗುತ್ತದೆ ಎಂಬುದಕ್ಕೆ 2004ರ ಅಮೆರಿಕದ ಅಧ್ಯಯನ ಒಳ್ಳೆಯ ನಿದರ್ಶನ. ಡಯಾಲಿಸಿಸ್ ರೋಗಿಗಳಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದವರೇ ಹೆಚ್ಚು ಬದುಕುತ್ತಾರೆಂಬ ವಿಚಿತ್ರ ಫಲಿತಾಂಶವಿತ್ತು. 823 ಮಂದಿಯನ್ನು ಉರಿಯೂತ ಅಥವಾ ಅಪೌಷ್ಟಿಕತೆ ಇರುವವರು, ಇಲ್ಲದವರು ಎಂದು ವಿಂಗಡಿಸಿದಾಗ, ಇಲ್ಲದವರಲ್ಲಿ ಹೆಚ್ಚಿನ ಕೊಲೆಸ್ಟರಾಲ್ ಎಂದಿನಂತೆ ಅಪಾಯಕಾರಿಯೇ ಎಂದು ಕಂಡುಬಂತು.

ರೋಗಿಯ ತಟ್ಟೆಗೂ ಈ ಗೊಂದಲಕ್ಕೂ ನೇರ ಸಂಬಂಧವಿದೆ. 2020ರ ಅಮೆರಿಕದ ಮಾರ್ಗಸೂಚಿಯಂತೆ ಡಯಾಲಿಸಿಸ್‌ಗೆ ಮುನ್ನ, ಮಧುಮೇಹವಿಲ್ಲದವರಿಗೆ ಪ್ರೋಟೀನು ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 0.55ರಿಂದ 0.60 ಗ್ರಾಂ, ಡಯಾಲಿಸಿಸ್ ಶುರುವಾದ ಮೇಲೆ 1.0ರಿಂದ 1.2 ಗ್ರಾಂ. ಅರವತ್ತು ಕಿಲೋ ತೂಕದವರಿಗೆ 36 ಗ್ರಾಂ ಇದ್ದದ್ದು 60 ದಾಟಬೇಕು. ಹಳೆಯ ಪಥ್ಯವನ್ನೇ ಮುಂದುವರಿಸಿದವರ ಆಲ್ಬುಮಿನ್ 3.2 ಇರಬಹುದು, ಸೋಂಕು ತಗುಲಿದ ಕ್ಯಾಥೆಟರ್ ಅಥವಾ ಕೀವಾದ ವಸಡು ಇರುವವರದೂ 3.2 ಇರಬಹುದು. ಮೊದಲನೆಯವರಿಗೆ ಬೇಕಾದದ್ದು ಊಟ, ಎರಡನೆಯವರಿಗೆ ಮೊದಲು ಸೋಂಕಿನ ಚಿಕಿತ್ಸೆ. ಆಲ್ಬುಮಿನ್ ಜೊತೆಗೆ ಸಿ-ರಿಯಾಕ್ಟಿವ್ ಪ್ರೋಟೀನು, ಮುಷ್ಟಿಯ ಹಿಡಿತದ ಬಲ, ಕಳೆದ ಮೂರು ದಿನಗಳ ಊಟದ ವಿವರ ಇವನ್ನೂ ಬೇರೆಬೇರೆ ಕಾಲಂಗಳಲ್ಲಿ, ಕೂಡಿಸದೆ, ಬರೆದಿಟ್ಟರೆ ಇಬ್ಬರನ್ನೂ ಗುರುತಿಸುವುದು ಸುಲಭವಾದೀತು.