ಜಾಹೀರಾತು ಇಲ್ಲದ ಪತ್ರಿಕೆ ಮತ್ತು ನಮ್ಮ ನಂಬಿಕೆ

'ಲಂಕೇಶ್ ಪತ್ರಿಕೆ'ಯ ಪ್ರಸ್ತಾಪ ಬಂದಲ್ಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: ಅದು ಜಾಹೀರಾತು ಮುಟ್ಟಲಿಲ್ಲ, ಹಾಗಾಗಿಯೇ ಯಾರ ಹಂಗೂ ಇಲ್ಲದೆ ಬರೆಯಿತು. ಜಾಹೀರಾತು ಮುಟ್ಟಲಿಲ್ಲ ಎಂಬುದು ನಿಜ. ಆದರೆ ಅದರ ಪ್ರಾಮಾಣಿಕತೆ ಹುಟ್ಟಿದ್ದೇ ಅಲ್ಲಿಂದ ಎಂಬುದನ್ನು ನಾನು ಒಪ್ಪಲಾರೆ. ಹಾಗೆ ಹೇಳುವವರು ಪಿ. ಲಂಕೇಶರ ಸಂಪಾದಕತ್ವದ ಸಾಧನೆಯನ್ನು ಒಂದು ಹಣಕಾಸಿನ ನಿರ್ಧಾರಕ್ಕೆ ಇಳಿಸಿಬಿಡುತ್ತಾರೆ.

ಆ ನಿರ್ಧಾರದ ಬೆಲೆ ನನಗೆ ಗೊತ್ತು. 1980ರ ಜುಲೈಯಲ್ಲಿ ಪತ್ರಿಕೆ ಹೊರಟಾಗ ಆರ್. ಗುಂಡೂರಾವ್ ಮುಖ್ಯಮಂತ್ರಿ. ವಾರ್ತಾ ಇಲಾಖೆಯ ಜಾಹೀರಾತು ನಿಂತರೆ ಸಣ್ಣ ಪತ್ರಿಕೆಯ ಗತಿ ಏನಾಗುತ್ತದೆಂದು ಜಿಲ್ಲಾ ಮಟ್ಟದ ಯಾವ ಸಂಪಾದಕರನ್ನು ಕೇಳಿದರೂ ಹೇಳುತ್ತಾರೆ. ಸರ್ಕಾರದ ಕೈಗೆ ಆ ಹಗ್ಗ ಸಿಗದಂತೆ ಲಂಕೇಶ್ ನೋಡಿಕೊಂಡರು. ಆದರೆ ಮಾರಾಟವೊಂದೇ ಆದಾಯವಾದಾಗ ಪತ್ರಿಕೆ ಪ್ರತಿ ವಾರ ಬಸ್ ನಿಲ್ದಾಣದ ಬುಕ್ ಸ್ಟಾಲಿನಲ್ಲಿ ಗೆಲ್ಲಲೇಬೇಕು. ಮುಖ್ಯಮಂತ್ರಿಯನ್ನು 'ಗುಂ' ಎಂದು ಕರೆದ ಆ ಭಾಷೆಯಲ್ಲಿ ರಾಜಕೀಯ ಧೈರ್ಯವೂ ಇತ್ತು, ಓದುಗರನ್ನು ರಂಜಿಸಿ ಮುಂದಿನ ವಾರಕ್ಕೂ ಹಿಡಿದಿಟ್ಟುಕೊಳ್ಳುವ ಲೆಕ್ಕಾಚಾರವೂ ಇತ್ತು. ಮೊದಲನೆಯದನ್ನು ಕೊಂಡಾಡಿ ಎರಡನೆಯದನ್ನು ಮರೆಯುವುದು ವಿಮರ್ಶೆಯಲ್ಲ, ಭಕ್ತಿ. ಓದುಗರ ದುಡ್ಡಿಗೂ ಒತ್ತಾಯವಿದೆ. ಅದು ಸಾವಿರಾರು ಜೇಬುಗಳಿಂದ ಚಿಲ್ಲರೆಯಾಗಿ ಬರುವುದರಿಂದ ಒತ್ತಾಯದಂತೆ ಕಾಣುವುದಿಲ್ಲ, ಅಷ್ಟೆ.

ಜಾಹೀರಾತು ಇಲ್ಲದಿದ್ದರೆ ಪತ್ರಿಕೆ ಪ್ರಾಮಾಣಿಕ ಎಂಬ ನಂಬಿಕೆಯನ್ನು ಸುಳ್ಳು ಮಾಡುವ ಸಾಕ್ಷಿ ನಮ್ಮ ಊರುಗಳಲ್ಲೇ ಇದೆ. 'ರೋಲ್‌ಕಾಲ್' ಪತ್ರಿಕೆಗಳೆಂದರೆ ಪತ್ರಿಕಾವಲಯದಲ್ಲಿ ಯಾರಿಗೂ ವಿವರಣೆ ಬೇಕಿಲ್ಲ. ಅವುಗಳ ಪುಟಗಳಲ್ಲೂ ಜಾಹೀರಾತು ವಿರಳ. ಗುತ್ತಿಗೆದಾರನ, ಅಧಿಕಾರಿಯ ಹಗರಣವನ್ನು ಅಚ್ಚು ಹಾಕದೆ ಇರುವುದಕ್ಕೆ ಅವು ದುಡ್ಡು ಎತ್ತುತ್ತವೆ. ಪುಟ ನೋಡಿ ಪ್ರಾಮಾಣಿಕತೆ ಅಳೆಯುವವರಿಗೆ ಆ ವ್ಯವಹಾರ ಕಾಣುವುದೇ ಇಲ್ಲ, ಏಕೆಂದರೆ ಅದು ನಡೆಯುವುದು ಅಚ್ಚಾಗದ ಸುದ್ದಿಯಲ್ಲಿ.

ಹಾಗಿದ್ದರೆ ಲಂಕೇಶರ ಪ್ರಾಮಾಣಿಕತೆ ಎಲ್ಲಿತ್ತು? ನನ್ನ ಪ್ರಕಾರ, ದುಡ್ಡು ಕೊಟ್ಟು ಕೊಂಡವರನ್ನೇ ಎದುರು ಹಾಕಿಕೊಳ್ಳುವ ಅವರ ಸಿದ್ಧತೆಯಲ್ಲಿ. 1983ರಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ ಬಂದರು. ಗುಂಡೂರಾವ್ ಮೇಲಿನ ಸಿಟ್ಟಿಗೆ ಪತ್ರಿಕೆ ಕೊಳ್ಳುತ್ತಿದ್ದವರಲ್ಲಿ ಎಷ್ಟೋ ಜನರಿಗೆ ಹೆಗಡೆ ಮೆಚ್ಚಿನವರಾಗಿದ್ದಿರಲೇಬೇಕು. ಲಂಕೇಶ್ ಹೆಗಡೆಯವರನ್ನೂ ಬಿಡಲಿಲ್ಲ. ಅದಕ್ಕೂ ಮೊದಲು, 1981ರಲ್ಲಿ, ಆಗಿನ್ನೂ ಹೆಸರಾಗಿರದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂತು. ತಲಾಖಿನ ಸುಳಿಗೆ ಸಿಕ್ಕ ಹೆಣ್ಣಿನ ಕಥೆಯನ್ನು ಬೇಕೆಂದು ಯಾವ ಬುಕ್ ಸ್ಟಾಲೂ ಕೇಳಿರಲಿಲ್ಲ. 'ಟೀಕೆ ಟಿಪ್ಪಣಿ' ಅಂಕಣದಲ್ಲಿ ಲಂಕೇಶ್ ತಮ್ಮ ಒಲವನ್ನೂ ಹಗೆಯನ್ನೂ ತಮ್ಮ ಹೆಸರಿನಲ್ಲೇ ಬರೆದರು. ಕೆಲವೊಮ್ಮೆ ಅವರು ಅನ್ಯಾಯವಾಗಿ ಬರೆದರೆಂದೇ ನನಗನಿಸುತ್ತದೆ. ಆದರೂ ಅನ್ಯಾಯ ಯಾರದು ಎಂಬುದು ಓದುಗರಿಗೆ ಗೊತ್ತಿರುತ್ತಿತ್ತು.

ಗಾಂಧಿಯವರ ಉದಾಹರಣೆಯನ್ನೂ ನಾವು ಅರ್ಧವೇ ನೆನಪಿಟ್ಟುಕೊಂಡಿದ್ದೇವೆ. ದಕ್ಷಿಣ ಆಫ್ರಿಕಾದಲ್ಲಿ ಅವರು ನಡೆಸಿದ 'ಇಂಡಿಯನ್ ಒಪಿನಿಯನ್' ಪತ್ರಿಕೆ ಮುಂದೆ ಜಾಹೀರಾತು ಕೈಬಿಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. 1904ರಲ್ಲಿ ಅದನ್ನು ಡರ್ಬನ್ನಿನಿಂದ ಫೀನಿಕ್ಸ್‌ಗೆ ಸಾಗಿಸಿದಾಗ, ಪತ್ರಿಕೆ ಇನ್ನು ಹೇಗೆ ನಡೆಯುತ್ತದೆ, ಕೆಲಸ ಮಾಡುವವರಿಗೆ ತಿಂಗಳಿಗೆ 3 ಪೌಂಡ್ ಹೇಗೆ ಎಂಬುದನ್ನು ಪತ್ರಿಕೆಯಲ್ಲೇ ಓದುಗರಿಗೆ ತಿಳಿಸಿದ್ದು ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಈ ಎರಡನೆಯದೇ ದೊಡ್ಡದು.

ಜಾಹೀರಾತು ಹೊಕ್ಕರೆ ಸುದ್ದಿ ಕೆಡದೆ ಇರುತ್ತದೆಯೇ ಎಂದು ಕೇಳಬಹುದು. ಕೆಡುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ 2009ರ ಲೋಕಸಭಾ ಚುನಾವಣೆಯ ನಂತರ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ತನಿಖೆ ಮಾಡಿದ್ದು ಯಾವುದನ್ನು? ಜಾಹೀರಾತನ್ನಲ್ಲ, ಸುದ್ದಿಯ ವೇಷ ತೊಟ್ಟ ಜಾಹೀರಾತನ್ನು. 'ಜಾಹೀರಾತು' ಎಂದು ತಲೆಯ ಮೇಲೆ ಬರೆದುಕೊಂಡ ಸೀರೆ ಅಂಗಡಿಯ ಅರ್ಧ ಪುಟ ಯಾರಿಗೂ ಮೋಸ ಮಾಡುವುದಿಲ್ಲ. ಅಭ್ಯರ್ಥಿಯ ದುಡ್ಡಿನಲ್ಲಿ ಬಂದ 'ವಿಶೇಷ ವರದಿ' ಮಾಡುತ್ತದೆ.

ಈಗ ಸುದ್ದಿತಾಣಗಳು ಮೊಬೈಲ್ ಪರದೆಯ ಮೇಲೆ ಕ್ಯುಆರ್ ಕೋಡ್ ತೋರಿಸಿ 'ನಮಗೆ ನೀವೇ ಮಾಲೀಕರು' ಎನ್ನುವ ಕಾಲ. ಈ ಪ್ರಯತ್ನಗಳು ಉಳಿಯಲಿ ಎಂದು ಮನಸಾರೆ ಬಯಸುವವನು ನಾನು. ಆದರೆ ಆ ಮಾತಿನಷ್ಟಕ್ಕೆ ನಾನು ನಂಬಿಕೆ ಕೊಡಲಾರೆ. ಚಂದಾದಾರರ ಗುಂಪಿಗೆ ಇಷ್ಟವಾಗದ ಸತ್ಯವನ್ನು ಹೇಳಿ, ಚಂದಾ ಕಳೆದುಕೊಂಡು, ಅದನ್ನೂ ಓದುಗರಿಗೆ ತಿಳಿಸಿದವರನ್ನು ನಂಬುತ್ತೇನೆ. ಓದುಗರಿಗೆ ಹೀಗೆ ತಿಳಿಸುವ ರೂಢಿ ನಮ್ಮಲ್ಲಿ ಅರ್ಧದಷ್ಟು ಇತ್ತು. 1956ರ ಪತ್ರಿಕಾ ನೋಂದಣಿ ನಿಯಮಗಳಡಿ ನಮ್ಮ ಪತ್ರಿಕೆಗಳು ಪ್ರತಿ ಫೆಬ್ರವರಿ ಮುಗಿದ ಮೇಲೆ 'ನಮೂನೆ 4' ಅಚ್ಚು ಹಾಕುತ್ತಿದ್ದವು: ಮುದ್ರಕರು ಯಾರು, ಸಂಪಾದಕರು ಯಾರು, ಬಂಡವಾಳದಲ್ಲಿ ಶೇ. 1ಕ್ಕಿಂತ ಹೆಚ್ಚು ಪಾಲು ಯಾರದು. ವರ್ಷದ ಆದಾಯ ಎಲ್ಲಿಂದ ಬಂತೆಂದು ಅದು ಕೇಳಲಿಲ್ಲ. ಸರ್ಕಾರದಿಂದ ಎಷ್ಟು, ಅತಿ ದೊಡ್ಡ ಜಾಹೀರಾತುದಾರನಿಂದ ಎಷ್ಟು, ದೊಡ್ಡ ದೇಣಿಗೆ ಕೊಟ್ಟವರು ಯಾರು, ಚಂದಾದಿಂದ ಎಷ್ಟು ಎಂಬ ನಾಲ್ಕು ಸಾಲನ್ನು ಪತ್ರಿಕೆಗಳು ತಮ್ಮ ಪುಟದಲ್ಲೇ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ, ತಾವಾಗಿಯೇ ಹಾಕಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.