ಗೋವಿನ ಹಾಡೂ ಮಕ್ಕಳ ಸಿಟ್ಟೂ

ದಾವಣಗೆರೆಯ ಎಸ್.ಎಸ್. ಬಡಾವಣೆಯಂತಹ ವಿದ್ಯಾವಂತರ ವಸತಿಗಳಲ್ಲಿ, ರೊಚ್ಚಿಗೆದ್ದ ಮಗುವಿಗೆ ‘ಹತ್ತರವರೆಗೆ ಎಣಿಸು, ದೀರ್ಘವಾಗಿ ಉಸಿರೆಳೆದುಕೋ, ಸಿಟ್ಟು ಏತರಿಂದ ಬಂದಿತೆಂದು ನೋಡಿಕೋ’ ಎಂದು ಬೋಧಿಸುವುದು ಈಗ ಶಿಷ್ಟಾಚಾರವಾಗಿದೆ. ಅದೇ ಮಗುವಿನ ಬಾಯಲ್ಲಿ ಗೋವಿನ ಹಾಡನ್ನು ಹಾಡಿಸುವಾಗ ಮಾತ್ರ ಅದರಿಂದ ಸತ್ಯವಾಕ್ಯದ ಪಾಠವೊಂದನ್ನುಳಿದು ಬೇರೇನನ್ನೂ ಯಾರೂ ಅಪೇಕ್ಷಿಸುವುದಿಲ್ಲ. ಹಾಡಿನ ಈ ಕೀರ್ತಿ, ನನ್ನ ಮಟ್ಟಿಗೆ, ಅದರ ಉತ್ತಮಾಂಶವನ್ನೇ ಮರೆಮಾಡಿರುವ ಕೀರ್ತಿ.

ಕಥೆ ಸರ್ವವಿದಿತ: ಕರುವಿಗೆ ಹಾಲೂಡಿಸಿ ಮರಳುವೆನೆಂದು ಹಸಿದ ಹುಲಿಗೆ ಕೊಟ್ಟ ಮಾತನ್ನು ಹಸು ಪುಣ್ಯಕೋಟಿ ಉಳಿಸಿಕೊಳ್ಳುತ್ತಾಳೆ, ಅದನ್ನು ಕಂಡ ಹುಲಿ ನಾಚಿ ಪ್ರಾಣ ಬಿಡುತ್ತದೆ. ಹುಲಿಯ ಬಾಯಿಗೆ ಮರಳುವ ಮುನ್ನ ಪುಣ್ಯಕೋಟಿಯು ದೊಡ್ಡಿಯ ಒಡನಾಡಿ ಹಸುಗಳಲ್ಲಿ ಮಾಡಿಕೊಳ್ಳುವ ಬಿನ್ನಹವನ್ನು ನಿಧಾನವಾಗಿ ಪರಿಶೀಲಿಸತಕ್ಕದ್ದು. ‘ಕರುವನ್ನು ಪ್ರೀತಿಸಿರಿ’ ಎಂಬ ಸಾಮಾನ್ಯೋಕ್ತಿಯಿಂದ ಆ ತಾಯಿ ತೃಪ್ತಳಾಗುವುದಿಲ್ಲ. ಮುಂಗಡೆ ಸುಳಿದರೆ ಕೊಂಬು ಏಳುವುದೆಂದೂ, ಹಿಂಗಡೆ ಸುಳಿದರೆ ಗೊರಸು ಏಳುವುದೆಂದೂ ಬಲ್ಲವಳಾದುದರಿಂದ, ಕೋಪವು ಹುಟ್ಟುವ ಆ ಎರಡು ಸಂದರ್ಭಗಳನ್ನೂ ಒಂದೊಂದಾಗಿ ಹೆಸರಿಸಿಯೇ ಸಂಯಮವನ್ನು ಬೇಡುತ್ತಾಳೆ. ಸಿಟ್ಟಿನ ಪ್ರಚೋದನೆಯನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸಿದ ಸ್ಥಳ ನಮ್ಮ ಶಿಶುಸಾಹಿತ್ಯದಲ್ಲಿ ಅಪೂರ್ವ. ಮುಖ್ಯವಾಗಿ ಗಮನಿಸತಕ್ಕದ್ದೆಂದರೆ, ಈ ನಿಗ್ರಹದ ಭಾರ ಕರುವಿನ ಮೇಲೆ ಬೀಳದೆ, ಕೊಂಬು ಬೆಳೆದವರ ಮೇಲೆ ಬೀಳುತ್ತದೆ. ಅಳುವ ಕರುವಿಗೂ ಬುದ್ಧಿವಾದವುಂಟು, ನಿಜ. ಅದು ಅಪಾಯದ ಎಡೆಗಳಿಗೆ ಹೋಗಬೇಡವೆಂಬ ಎಚ್ಚರಿಕೆಯೇ ಹೊರತು ಅಳಬೇಡವೆಂಬ ಆಜ್ಞೆಯಲ್ಲ. ನಮ್ಮ ಬಡಾವಣೆಗಳಲ್ಲಾದರೋ ಎಣಿಸಬೇಕಾದುದು ಮಗು. ಗದರುವ ಹಿರಿಯರಿಗೆ ಎಣಿಕೆಯ ನಿರ್ಬಂಧವೇ ಇಲ್ಲ!

ಎಸ್.ಎಲ್. ಭೈರಪ್ಪನವರು 1968ರ ತಮ್ಮ ಕಾದಂಬರಿಗೆ ಹಸುವಿನ ವಿದಾಯದ ನುಡಿಯಿಂದಲೇ ‘ತಬ್ಬಲಿಯು ನೀನಾದೆ ಮಗನೆ’ ಎಂಬ ಹೆಸರನ್ನೆತ್ತಿಕೊಂಡರು. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರ ಚಿತ್ರವೂ ಅದೇ ಹೆಸರನ್ನು ಹೊತ್ತಿತು. ತಬ್ಬಲಿತನಕ್ಕೆ ಇಷ್ಟು ಪ್ರಸಿದ್ಧಿ ದೊರೆತರೂ, ಅದರ ನೆರೆಯಲ್ಲೇ ಇರುವ ಬಿನ್ನಹಕ್ಕೆ ವ್ಯಾಖ್ಯಾನಕಾರರು ದೊರೆಯಲಿಲ್ಲ.

ವಿಮರ್ಶಕರೆಲ್ಲರ ಜಗಳವೂ ಹುಲಿಯ ಸಾವಿನ ಸುತ್ತಲೇ. ಅದು ಸತ್ಯದ ವಿಜಯವೆಂದು ಒಂದು ಪಕ್ಷ. ಹಸಿದ ಪ್ರಾಣಿಗೆ ಬಗೆದ ಅನ್ಯಾಯ, ಆದುದರಿಂದ ಅಂತ್ಯವನ್ನೇ ತಿದ್ದತಕ್ಕದ್ದೆಂದು ಇನ್ನೊಂದು. ಮೊದಲನೆಯವರ ಮಾತು ಮಕ್ಕಳ ಮುಂದೆ ಅಪಾಯಕರ: ಕ್ರೋಧವಿಳಿದೊಡನೆ ನಾಚಿಕೆಯಿಂದ ತನ್ನನ್ನೇ ಕೊಂದುಕೊಳ್ಳುವುದು ಪಶ್ಚಾತ್ತಾಪದ ಮಾದರಿಯಾಗಲಾರದು. ಎರಡನೆಯವರ ತಿದ್ದುಪಡಿಯೂ ವ್ಯರ್ಥ. ಬದುಕಿಸಿದ ಮಾತ್ರಕ್ಕೆ ಹುಲಿಗೆ ಮರುದಿನದ ಹಸಿವಿನಲ್ಲಿ ಏನು ಮಾಡಬೇಕೆಂದು ತಿಳಿದಂತಾಗಲಿಲ್ಲ. ಕರುವಿಗೆ ಒಂದು ದೊಡ್ಡಿಯಿತ್ತು, ಅದರ ಪರವಾಗಿ ಬೇಡಿಕೊಳ್ಳುವವಳೊಬ್ಬಳಿದ್ದಳು. ಗವಿಯ ಹುಲಿ ಅರ್ಭುತನಿಗೆ ಎರಡೂ ಇರಲಿಲ್ಲವೆಂಬುದನ್ನು ಈ ಪಕ್ಷಗಳಲ್ಲಿ ಯಾವುದೂ ಲೆಕ್ಕಕ್ಕೆ ತಂದುಕೊಂಡಿಲ್ಲ.