ಹೆರಿಂಗಿನ ಸರದಿ

ಜರ್ಮನಿಯ ಹವ್ಯಾಸಿ ಗಾಳಗಾರರು ಸಿಹಿನೀರಿನ ಬೇಟೆಮೀನುಗಳಲ್ಲಿ ಅಗ್ರಗಣ್ಯವೆಂದು ಎಣಿಸುವ ಹೆಕ್ಟ್, ಎಂದರೆ ಅಮೆರಿಕದ ಮಸ್ಕಿ ಎಂಬ ಮೀನಿಗೆ ದಾಯಾದಿಯಾದ ಆ ಉದ್ದಮೂತಿಯ ಹಿಂಸ್ರಮತ್ಸ್ಯ, ಮೊಟ್ಟೆಯಿಡುವ ಕಾಲದಲ್ಲಿ ಶಾಸನದ ಆಶ್ರಯವನ್ನು ಪಡೆದಿರುವುದರಿಂದ, ಬಹುಮಟ್ಟಿಗೆ ಏಪ್ರಿಲ್ ಮಾಸಾಂತ್ಯದವರೆಗೆ ಅದನ್ನು ಯಾರೂ ಹಿಡಿಯುವಂತಿಲ್ಲ. ಆಗ ಬೆಟ್ಟದ ತೊರೆಗಳ ಆಸುಪಾಸಿನವರು ಟ್ರೌಟ್ ಮೀನಿಗೂ, ಬಾಲ್ಟಿಕ್ ಕರಾವಳಿಯವರು ನಮ್ಮ ಬೂತಾಯಿಯ ಕುಲಕ್ಕೇ ಸೇರಿದ ಹೆರಿಂಗಿಗೂ ಗಾಳ ಹಾಕುವರು. ಸ್ಟ್ರಾಲ್‌ಸುಂಡ್ ನಗರವನ್ನು ರ್ಯೂಗನ್ ದ್ವೀಪಕ್ಕೆ ಸೇರಿಸುವ, 1936ರಲ್ಲಿ ತೆರೆದ ಹಳೆಯ ಸೇತುಮಾರ್ಗದ ಮೇಲೆ ವಸಂತಾರಂಭದಲ್ಲಿ ಜನ ಸಾಲುಗಟ್ಟಿ ನಿಲ್ಲುವರು. ಎರೆಯ ಗೊಡವೆಯಿಲ್ಲ, ಮಿನುಗುವ ಚೂರುಗಳನ್ನು ಕಟ್ಟಿದ ಕೊಕ್ಕೆಗಳ ಸರವೊಂದನ್ನು ನೀರಿಗಿಳಿಸಿ ಮೇಲೆ ಕೆಳಗೆ ಆಡಿಸಿದರೆ ಒಮ್ಮೊಮ್ಮೆ ಮೂರು ನಾಲ್ಕು ಮೀನುಗಳು ಒಟ್ಟಿಗೇ ಮೇಲೇರುವುವು.

ಈ ವಿನೋದಕ್ಕಿರುವ ಶಿಸ್ತನ್ನು ಮೊದಲು ಮೆಚ್ಚತಕ್ಕದ್ದು. ಸಾಮಾನ್ಯವಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾತ್ರ ಅಲ್ಲಿ ಗಾಳದ ಅನುಮತಿ. 1972ರ ಪ್ರಾಣಿರಕ್ಷಣಾ ಶಾಸನವು ಸಮಂಜಸವಾದ ಕಾರಣವಿಲ್ಲದೆ ಕಶೇರುಕವನ್ನು ಕೊಲ್ಲುವುದನ್ನು ಅಪರಾಧವೆಂದು ಸಾರುವುದರಿಂದ, ತಿನ್ನುವುದಕ್ಕಾಗಿ ಹಿಡಿಯುವುದೇ ಅಲ್ಲಿ ಪ್ರಶಸ್ತವಾದ ಕಾರಣ. ಹಿಡಿದು, ಚಿತ್ರ ತೆಗೆಸಿಕೊಂಡು, ಮರಳಿ ನೀರಿಗೆ ಬಿಡುವ ಅಮೆರಿಕದ ಔದಾರ್ಯವನ್ನು ಜರ್ಮನರು ಕ್ರೌರ್ಯದ ಒಂದು ಪ್ರಭೇದವೆಂದೇ ಶಂಕಿಸುವರು. ನನಗೂ ಅವರ ಶಂಕೆಯೇ ಸರಿಯೆನ್ನಿಸುತ್ತದೆ.

ಆದರೆ ಒಂಟಿ ಮೀನಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಈ ಧರ್ಮಬುದ್ಧಿ, ಹಿಂಡಿನ ಎದುರಿಗೆ ಬಂದೊಡನೆ ಕಣ್ಣು ಮುಚ್ಚಿಕೊಳ್ಳುವುದಲ್ಲ! ಮೊಟ್ಟೆಯಿಡುವುದೆಂಬ ಕಾರಣಕ್ಕೆ ಹೆಕ್ಟ್ ರಕ್ಷಿತವಾಗಿರುವ ದಿನಗಳಲ್ಲಿಯೇ, ಮೊಟ್ಟೆಯಿಡಲು ಬಂದಿದೆಯೆಂಬ ಕಾರಣಕ್ಕೇ ಹೆರಿಂಗ್ ಸುಲಭವಾಗಿ ಕೈಗೆ ಸಿಕ್ಕುವುದು. ಗ್ರೈಫ್ಸ್‌ವಾಲ್ಡ್ ಕೊಲ್ಲಿಯ ಜಲಸಸ್ಯಗಳಿಗೆ ತನ್ನ ತತ್ತಿಗಳನ್ನು ಅಂಟಿಸಲು ಹೊರಟ ಮೀನೇ ಸೇತುವೆಯ ಮೇಲಿನ ಬಕೆಟ್ಟುಗಳನ್ನು ತುಂಬುವುದು. ದೊಡ್ಡ ಬಲೆಗಳ ಮುಂದೆ ತಮ್ಮ ಪಾಲು ಅತ್ಯಲ್ಪವೆಂಬ ಗಾಳಗಾರರ ಸಮಾಧಾನಕ್ಕೆ ಹಿಂದೆ ಅರ್ಥವಿದ್ದಿತು. 2022ರಿಂದ ಐರೋಪ್ಯ ಒಕ್ಕೂಟವು ಪಶ್ಚಿಮ ಬಾಲ್ಟಿಕ್‌ನಲ್ಲಿ ಸಣ್ಣ ದೋಣಿಗಳಿಗೆ ವಿನಾಯಿತಿಯಿತ್ತು, ಹೆರಿಂಗನ್ನೇ ಗುರಿಯಾಗಿಸಿಕೊಂಡ ಉಳಿದ ಮೀನುಗಾರಿಕೆಯನ್ನು ನಿಲ್ಲಿಸಿದ ಮೇಲೆ ಆ ವಾದವು ಬಹಳವಾಗಿ ಸೊರಗಿದೆ.

ಅದಕ್ಕಿಂತ ಗಂಭೀರವಾದುದು ಋತುವಿನ ವ್ಯತ್ಯಯ. ರೋಸ್ಟಾಕ್‌ನ ಥ್ಯೂನನ್ ಸಂಸ್ಥೆಯ ಸಂಶೋಧಕರು ತೋರಿಸಿರುವಂತೆ, ಚಳಿಗಾಲಗಳು ಬೆಚ್ಚಗಾದಂತೆಲ್ಲ ಹೆರಿಂಗಿನ ಮರಿಗಳು ಮೊದಲಿಗಿಂತ ಬೇಗನೆ ಹೊರಬರುತ್ತಿವೆ. ಅವುಗಳ ಆಹಾರವಾದ ಸೂಕ್ಷ್ಮಜೀವಿಗಳು ಮಾತ್ರ ಆಗ ನೀರಿನಲ್ಲಿ ಸಾಕಷ್ಟಿರುವುದಿಲ್ಲ. ಹೀಗೆ ಹುಟ್ಟುತ್ತಲೇ ಉಪವಾಸ ಬೀಳುವ ಸಂತತಿಯ ತಾಯಂದಿರನ್ನು ತತ್ತಿಯ ಸಮೇತ ಎತ್ತಿಕೊಳ್ಳುವುದು ಹಳೆಯ ರೂಢಿಯೆಂದ ಮಾತ್ರಕ್ಕೆ ನಿರಪಾಯವಾಗದು.

ಈ ಒಂದಂಶದಲ್ಲಿ ನಮ್ಮ ಕರಾವಳಿಯ ಕ್ರಮವೇ ನನಗೆ ಹೆಚ್ಚು ಒಪ್ಪಿಗೆಯಾಗುವುದು: ಜೂನ್ 1ರಿಂದ ಜುಲೈ 31ರವರೆಗಿನ ನಮ್ಮ ನಿಷೇಧವು ಅಂಜಲ್ ಮೀನಿಗೊಂದು, ಬೂತಾಯಿಗೊಂದು ಎಂದು ಭೇದವೆಣಿಸದೆ ಯಾಂತ್ರಿಕ ದೋಣಿಗಳನ್ನೆಲ್ಲ ದಡದಲ್ಲಿ ನಿಲ್ಲಿಸುವುದು. ಅದರ ಪಾಲನೆಯಲ್ಲಿ ಜರ್ಮನರ ನಿಷ್ಠೆಯನ್ನು ನಾವು ತೋರುವೆವೆಂದು ಹೇಳಲಾರೆ.